ಸೈಟು ಮಾರಿ ಜರ್ಮನಿಗೆ ಹೋಗಬೇಕೆಂದವರು

(ಹೆಸರು, ಊರು, ವಯಸ್ಸು ಬದಲಿಸಿದ್ದೇನೆ.)

ಮಹೇಶ್ ಅವರಿಗೆ 43. ಸಲಹೆ ಕೇಳಲು ಒಳಗೆ ಬಂದವರು ಕೂರಲಿಲ್ಲ, ಬೀರುವಿಗೆ ಮೊಣಕೈ ಊರಿ ನಿಂತರು. ಹೆಂಡತಿ ಮನೆಯಿಂದ ತಂದ ದಿಂಬನ್ನು ಖಾಲಿ ಕುರ್ಚಿಗೆ ಒರಗಿಸಿ ಪಕ್ಕದಲ್ಲಿ ಕೂತರು. "ಹತ್ತು ನಿಮಿಷ ಕೂತ್ರೆ ಎಡಗಾಲು ಜೋಮು ಹಿಡಿಯುತ್ತೆ ಮೇಡಂ, ನಿಂತೇ ಮಾತಾಡ್ತೀನಿ."

ಸೊಂಟದ ಭಾಗದಲ್ಲಿ, ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಲ್ಲಿ ಕೆಳಗಿನ ಎರಡು ಸವೆದಿವೆ. ಬೆಂಗಳೂರಿನ ಸರ್ಜನ್ ಮೂಳೆ ಬೆಸೆಯುವ ಫ್ಯೂಷನ್ ಮಾಡೋಣ ಎಂದಿದ್ದಾರೆ. ಜರ್ಮನಿಯಲ್ಲಿರುವ ಷಡ್ಡಕ, "ಬೆಸೆದುಬಿಟ್ರೆ ಸೊಂಟ ಮೊದಲಿನಷ್ಟು ಬಗ್ಗಲ್ಲ ಭಾವ, ಇಲ್ಲಿ ಬನ್ನಿ, ಕೃತಕ ಡಿಸ್ಕ್ ಹಾಕ್ತಾರೆ" ಎಂದಿದ್ದಾರೆ. ಜರ್ಮನಿಯ ಮೇಲಿನ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ರೂಪುಗೊಂಡ ಡಿಸ್ಕನ್ನು ಮೊದಲು ರೋಗಿಗೆ ಅಳವಡಿಸಿದ್ದು 1984ರಲ್ಲಿ. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 2004ರಲ್ಲಿ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕರಿನ್ ಬ್ಯುಟ್ನರ್-ಯಾನ್ಸ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದವರು. ಇಷ್ಟನ್ನೂ ಮಹೇಶ್ ಒಂದೇ ಉಸಿರಿಗೆ ಹೇಳಿದರು. ನೋವು ಬಂದಾಗಿನಿಂದ ಓದಿದ್ದು ಅದನ್ನೇ.

"ಇವರು ಬರೀ ಡಿಸ್ಕ್ ಮಾತಾಡ್ತಾರೆ," ಎಂದರು ಹೆಂಡತಿ. "ಮಾವನೋರು ಮಾಡಿಟ್ಟ ಸೈಟಿಗೆ ಬ್ರೋಕರ್ ಆಗ್ಲೇ ಗಿರಾಕಿ ಕರ್ಕೊಂಡು ಬಂದಿದ್ದ. ಅದರ ಮಾತು ಎತ್ತಲ್ಲ."

ಮಹೇಶ್ ಜೇಬಿನಿಂದ ಮಡಚಿದ ಹಾಳೆ ತೆಗೆದರು. ನಡುವೆ ಗೆರೆ, ಒಂದು ಕಡೆ 'ಇಲ್ಲಿ', ಇನ್ನೊಂದು ಕಡೆ 'ಅಲ್ಲಿ'. 'ಇಲ್ಲಿ'ಯ ಕೆಳಗೆ ಬರೀ ಭಯ: ಬೆನ್ನಿನ ಆಪರೇಷನ್ ಆಗಿ ಕೊನೆಯವರೆಗೂ ಕೋಲು ಬಿಡದ ದೊಡ್ಡಪ್ಪ, ಕೆಲಸ ಹೋದರೆ ಎಂಬ ಚಿಂತೆ. 'ಅಲ್ಲಿ'ಯ ಕೆಳಗೆ ಬರೀ ಆಸೆ. ತಮ್ಮ ಬೆನ್ನಿಗೆ ಕೃತಕ ಡಿಸ್ಕ್ ಹೊಂದುತ್ತದೆಯೇ ಎಂಬುದು ಎರಡೂ ಕಡೆ ಇರಲಿಲ್ಲ.

ನಾನು ಡಾಕ್ಟರಲ್ಲ, ಯಾವ ಆಪರೇಷನ್ ಎಂದು ಹೇಳುವ ಹಕ್ಕು ನನಗಿಲ್ಲ ಎಂದು ಮೊದಲೇ ತಿಳಿಸಿದೆ. ಆದರೆ ದೇಶ ಆರಿಸುವ ಮೊದಲು ಕೇಳಬೇಕಾದ್ದನ್ನು ಕೇಳಲು ಹೇಳಿದೆ. ಬೆನ್ನುಮೂಳೆಯ ಹಿಂಬದಿಯ ಫ್ಯಾಸೆಟ್ ಕೀಲುಗಳು ಸವೆದಿದ್ದರೆ, ಮೂಳೆ ಟೊಳ್ಳಾಗಿದ್ದರೆ ಕೃತಕ ಡಿಸ್ಕ್ ಸಾಮಾನ್ಯವಾಗಿ ಹಾಕುವುದಿಲ್ಲ. ಹಾಗಾಗಿ ಸಿಟಿ ಸ್ಕ್ಯಾನ್, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಬೇಕೇ ಎಂದು ಕೇಳಿ, ಎರಡೂ ಆಸ್ಪತ್ರೆಗೆ ಒಂದೇ ಕಡತ ಕಳಿಸಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಸೊಂಟದ ಡಿಸ್ಕ್ ಹಾಕುವುದು ಹೊಟ್ಟೆಯ ಕಡೆಯಿಂದ, ದೊಡ್ಡ ರಕ್ತನಾಳಗಳನ್ನು ಸರಿಸಿ. ಎರಡನೇ ಸಲ ಅದೇ ದಾರಿಯಲ್ಲಿ ಹೋಗುವುದು ಇನ್ನೂ ಅಪಾಯ. ಆಪರೇಷನ್ ಆದ ಎಂಟನೇ ತಿಂಗಳಲ್ಲಿ ತೊಂದರೆಯಾದರೆ ಬೆಂಗಳೂರಿನಲ್ಲಿ ಯಾರು ಕೈಹಾಕುತ್ತಾರೆ? ವಿಮಾನ ಹತ್ತುವ ಮೊದಲೇ ಆ ಡಾಕ್ಟರನ್ನು ಹುಡುಕಿಡಿ. ಒಳಗೆ ಹಾಕಿದ ಡಿಸ್ಕಿನ ವಿವರವಿರುವ ಇಂಪ್ಲಾಂಟ್ ಕಾರ್ಡು, ಇಂಗ್ಲಿಷಿನಲ್ಲಿ ಆಪರೇಷನ್ ಟಿಪ್ಪಣಿ ಇಲ್ಲದೆ ಆಸ್ಪತ್ರೆ ಬಿಡಬೇಡಿ. ವಾಪಸು ದೀರ್ಘ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎಷ್ಟು ವಾರ ತಡೆಯಬೇಕೆಂದು ಕೇಳಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಇದ್ಯಾವುದಕ್ಕೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ.

ದುಡ್ಡಿನ ಮಾತನ್ನು ಹೆಂಡತಿಗೇ ಬಿಟ್ಟೆ. ಅವರು ಪಾಲಿಸಿ ತೆಗೆದು ನೋಡಿದರು: ಭಾರತದ ಆಸ್ಪತ್ರೆಗಳಿಗೆ ಮಾತ್ರ. ಐಸಿಯುನಲ್ಲಿ ನಾಲ್ಕು ದಿನ ಹೆಚ್ಚಾದರೆ ಏನು ಮಾಡೋದು ಎಂದು ಕೇಳಿದರು. ಮಹೇಶ್ ಉತ್ತರಿಸಲಿಲ್ಲ.

ಆರು ವಾರದ ನಂತರ ಬಂದಾಗ ಜರ್ಮನಿಯ ಉತ್ತರ ಕೈಯಲ್ಲಿತ್ತು. ಕೆಳಗಿನ ಕೀಲು ಸವೆದಿದೆ, ಅಲ್ಲಿ ಡಿಸ್ಕ್ ಹಾಕಲಾಗದು, ಮೇಲಿನದಕ್ಕೆ ಮಾತ್ರ ಯೋಚಿಸಬಹುದು ಎಂದು ಬರೆದಿದ್ದರು. ಅಷ್ಟರಲ್ಲಿ ಫಿಸಿಯೋ ಶುರುಮಾಡಿದ್ದರು. ಬೆಂಗಳೂರಿನಲ್ಲೇ ಇನ್ನೊಬ್ಬ ಸರ್ಜನ್‌ಗೆ ತೋರಿಸಲು ಮುಂದಿನ ತಿಂಗಳು ದಿನ ಗೊತ್ತಾಗಿದೆ. ಅವತ್ತು ಅರ್ಧ ಗಂಟೆ ಕೂತೇ ಮಾತಾಡಿದರು. ನಡುವೆ ಬ್ರೋಕರ್ ಫೋನ್ ಬಂತು. ಕಟ್ ಮಾಡಿ ಮೊಬೈಲನ್ನು ಹೆಂಡತಿಯ ಬ್ಯಾಗಿಗೆ ಹಾಕಿದರು.