ವಿಶ್ವಾಸವೇ ಅಲುಗಾಡುತ್ತಿರುವಾಗ ಚರ್ಚಿಗೆ ಹೋಗಿ ಕೂರುವುದು ನಟನೆಯಲ್ಲವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೋವಿಡ್ ಕಾಲದಲ್ಲಿ ಚರ್ಚ್ ಮುಚ್ಚಿದಾಗ ತಪ್ಪಿದ ಅಭ್ಯಾಸ ಮತ್ತೆ ಕೂಡಿಬಂದಿಲ್ಲ. ಈಗ ಬೆಂಗಳೂರಿನಲ್ಲಿ ಕೆಲಸ, ಅದು ಯಾವಾಗ ಹೋಗುತ್ತದೋ ಎಂಬ ಭಯ. ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ. ಯೂಟ್ಯೂಬಿನಲ್ಲಿ ಆರಾಧನೆ ನೋಡಿದರೆ ಸಾಲದೇ, ಒಳಗೆ ನಂಬಿಕೆ ಗಟ್ಟಿಯಿಲ್ಲದವನು ಸಭೆಗೆ ಹೋಗಿ ಕೂತರೆ ಅದು ನಟನೆಯಾಗುವುದಿಲ್ಲವೇ ಎಂದು ಕೇಳಿದ್ದೀರಿ.

ಹೋಗಿ. ನಂಬಿಕೆ ಗಟ್ಟಿಯಾದ ಮೇಲೆ ಹೋಗುತ್ತೇನೆ ಎಂದು ಕಾಯಬೇಡಿ. ನಾನು ಮಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ಜನ. 2020 ಮತ್ತು 2021ರಲ್ಲಿ ಸಭಾ ಕಮಿಟಿಯಲ್ಲಿದ್ದೆ. ಆ ಎರಡು ವರ್ಷಗಳಲ್ಲಿ ಕಂಡದ್ದರಿಂದ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

2020ರ ಮಾರ್ಚ್ 22 ಒಂದು ಭಾನುವಾರ, ಜನತಾ ಕರ್ಫ್ಯೂ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ದಿನಗಳು ನಡೆಯುತ್ತಿದ್ದವು. 25ರಿಂದ ದೇಶವೇ ಲಾಕ್‌ಡೌನ್ ಆಯಿತು, ಎಲ್ಲ ಧರ್ಮಗಳ ಆರಾಧನಾ ಸ್ಥಳಗಳಿಗೂ ಬೀಗ ಬಿತ್ತು. ಏಪ್ರಿಲ್ 5ರ ಗರಿಗಳ ಭಾನುವಾರ, 10ರ ಶುಭ ಶುಕ್ರವಾರ, 12ರ ಈಸ್ಟರ್ ಮೂರೂ ಮನೆಯೊಳಗೇ ಕಳೆದವು. ನಮ್ಮ ಸಭೆಯಲ್ಲಿ ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಸಮಾಧಿ ತೋಟದಲ್ಲಿ ಆರಾಧನೆ ಮಾಡುವ ರೂಢಿ ಇದೆ, ನಮ್ಮ ಹಿರಿಯರ ಕಾಲದಿಂದ ಬಂದದ್ದು. ಆ ವರ್ಷ ಅದೂ ಇಲ್ಲ. ಎಂಬತ್ತು ದಾಟಿದ ಹಿರಿಯರು ಫೋನಿನಲ್ಲಿ ಅತ್ತದ್ದನ್ನು ನಾನೇ ಕೇಳಿದ್ದೇನೆ.

ಆಗ ಎಲ್ಲರ ವಾಟ್ಸಾಪಿಗೂ ಬರುತ್ತಿದ್ದದ್ದು ಬೈಬಲಿನ 91ನೆಯ ಕೀರ್ತನೆ. ಕತ್ತಲಲ್ಲಿ ತಿರುಗುವ ವ್ಯಾಧಿ ನಿನ್ನನ್ನು ಮುಟ್ಟದು ಎಂಬ ಭಾಗ. ಒಳ್ಳೆಯ ಕೀರ್ತನೆ, ನಾನೂ ಓದುತ್ತೇನೆ. ಆದರೆ ಅದನ್ನು ತಾಯತದ ಹಾಗೆ ಕಟ್ಟಿಕೊಂಡು ಮಾಸ್ಕ್ ಬೇಡ, ನಂಬಿದವರಿಗೆ ರೋಗ ಬಾರದು ಎಂದು ಸಾರಿದವರೂ ಇದ್ದರು. ಇದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆಗೆದು ನೋಡಿ. ದೇವಾಲಯದ ಶಿಖರದಿಂದ ಕೆಳಗೆ ಧುಮುಕು, ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಇದೇ ಕೀರ್ತನೆಯನ್ನು ಯೇಸುವಿನ ಮುಂದೆ ಹೇಳುವವನು ಸೈತಾನ. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರ ಕೊಡುತ್ತಾನೆ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳ ಜೊತೆ ಉಳಿದ. ಆಗಲೇ ಬರೆದ ಒಂದು ಪತ್ರದಲ್ಲಿ ಅವನು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಔಷಧಿ ತೆಗೆದುಕೊಳ್ಳುತ್ತೇನೆ, ಮನೆಗೆ ಹೊಗೆ ಹಾಕುತ್ತೇನೆ, ನನ್ನ ಅಗತ್ಯವಿಲ್ಲದ ಕಡೆ ಹೋಗಿ ರೋಗ ಹರಡುವುದಿಲ್ಲ, ಆದರೆ ನೆರೆಯವನಿಗೆ ನಾನು ಬೇಕಾದರೆ ತಪ್ಪಿಸಿಕೊಳ್ಳುವುದಿಲ್ಲ. ಚರ್ಚ್ ಮುಚ್ಚಿದ್ದು ಅವಿಶ್ವಾಸ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಲಾಕ್‌ಡೌನ್ ಶುರುವಾದ ಮೇಲೆ ನಮ್ಮ ಕಮಿಟಿ ಸಭೆಯ ಮನೆಗಳನ್ನೆಲ್ಲ ಸದಸ್ಯರಿಗೆ ಹಂಚಿತು. ನಿಮ್ಮ ಪಾಲಿನ ಮನೆಗಳಿಗೆ ನೀವು ಫೋನ್ ಮಾಡಬೇಕು, ಮೊದಲು ಮಾತ್ರೆ ಇದೆಯೇ ಅಕ್ಕಿ ಇದೆಯೇ ಕೇಳಬೇಕು, ಬೇಡವೆನ್ನದಿದ್ದರೆ ಒಂದು ಕೀರ್ತನೆ ಓದಿ ಪ್ರಾರ್ಥನೆ ಮಾಡಬೇಕು. ನನ್ನ ಪಾಲಿಗೆ ಬಂದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಮಗನಿಗೆ ಗಲ್ಫಿನಲ್ಲಿ ಕೆಲಸ ಹೋಗಿತ್ತು, ವಿಮಾನ ಇಲ್ಲ, ಅಲ್ಲಿ ರೂಮಿನ ಬಾಡಿಗೆಗೂ ಹಣವಿಲ್ಲ. ವರ್ಷಗಟ್ಟಲೆ ಸಂಡೆ ಸ್ಕೂಲಿನಲ್ಲಿ ಪಾಠ ಹೇಳಿದ ಮನುಷ್ಯ. ನಾನು ಪ್ರಾರ್ಥನೆ ಮಾಡಲೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೋಸ್ಕರ ಮಾಡಬೇಡಮ್ಮ, ನನ್ನ ಬದಲಿಗೆ ಮಾಡು. ನನ್ನ ಕೈಲಿ ಈಗ ಆಗುತ್ತಿಲ್ಲ" ಅಂದರು.

ಅಲ್ಲಿಂದ ಮುಂದೆ ಪ್ರತಿ ಸಲ ಹಾಗೆಯೇ ಮಾಡಿದೆವು. ಅವರು ಹೇಳಬೇಕಾಗಿದ್ದದ್ದನ್ನು ನಾನು ಹೇಳುತ್ತಿದ್ದೆ, ಅವರು ಆ ಕಡೆಯಿಂದ ಆಮೆನ್ ಅನ್ನುತ್ತಿದ್ದರು. ಕೆಲವೊಮ್ಮೆ ಆಮೆನ್ ಕೂಡ ಬರುತ್ತಿರಲಿಲ್ಲ. ಅವರು ನಟಿಸುತ್ತಿದ್ದರು ಎಂದು ನೀವು ಹೇಳುತ್ತೀರಾ?

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಹಿಡಿದವನ ಕಥೆ ಇದೆಯಲ್ಲ, ಸಂಡೆ ಸ್ಕೂಲಿನಲ್ಲಿ ಕೇಳಿರುತ್ತೀರಿ. ನಾಲ್ಕು ಜನ ಅವನನ್ನು ಹೊತ್ತು ತರುತ್ತಾರೆ, ಜನಜಂಗುಳಿಯಿಂದ ಒಳಗೆ ಹೋಗಲಾಗದೆ ಮಾಳಿಗೆ ಹತ್ತಿ, ಚಾವಣಿ ತೆಗೆದು, ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಬರೆದಿದೆ. ಮಲಗಿದ್ದವನು ಆ ಹೊತ್ತಿಗೆ ಏನು ನಂಬಿದ್ದ, ಎಷ್ಟು ನಂಬಿದ್ದ ಎಂಬ ಬಗ್ಗೆ ಮಾರ್ಕ ಒಂದು ಮಾತೂ ಬರೆದಿಲ್ಲ. ನಾನು ಸಭೆಯನ್ನು ತಿಳಿದುಕೊಂಡಿರುವುದು ಹಾಗೆ. ಒಂದು ವರ್ಷ ನೀವು ಹಾಸಿಗೆಯ ಮೂಲೆ ಹಿಡಿಯುತ್ತೀರಿ, ಇನ್ನೊಂದು ವರ್ಷ ಅದರ ಮೇಲೆ ಮಲಗಿರುತ್ತೀರಿ. ಎರಡು ವರ್ಷವೂ ನೀವು ಸಭೆಯವರೇ.

ಪ್ರಾರ್ಥನೆಗೆ ಮಾತು ಬರುವುದಿಲ್ಲ ಅಂದಿರಿ. ಕೀರ್ತನೆಗಳಲ್ಲಿ ದೂರು ಎಷ್ಟಿದೆ ಎಂದು ಗಮನಿಸಿದ್ದೀರಾ? 13ನೆಯದು ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದೇ ಶುರುವಾಗುತ್ತದೆ. 88ನೆಯದು ಕತ್ತಲಲ್ಲಿಯೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಮಾತೂ ಇಲ್ಲ. ಆದರೂ ಅದನ್ನು ಯಾರೂ ಬೈಬಲಿನಿಂದ ತೆಗೆಯಲಿಲ್ಲ. 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ, ಖಾಲಿ ಬಿದ್ದಿದ್ದ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಧ್ಯಾನಕ್ಕೆ ಆರಿಸಿಕೊಂಡದ್ದು ದೋಣಿಯ ಪ್ರಸಂಗವನ್ನು, ಬಿರುಗಾಳಿಯಲ್ಲಿ ದೋಣಿ ಮುಳುಗುವಂತಿರುವಾಗ ಯೇಸು ನಿದ್ದೆ ಮಾಡುತ್ತಿರುವುದನ್ನು. ಅಲ್ಲಿ ಶಿಷ್ಯರು ಮಾಡುವ ಪ್ರಾರ್ಥನೆ ಏನು? ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ ಎಂದು ಬೈದು ಎಬ್ಬಿಸುವುದು. ಅಷ್ಟಕ್ಕೇ ಯೇಸು ಎದ್ದ. ನಮ್ಮ ಕರಾವಳಿಯವರಿಗೆ ಆ ಪ್ರಸಂಗ ಬಿಡಿಸಿ ಹೇಳಬೇಕಾಗಿಲ್ಲ. ನಿಮಗೆ ಈಗ ಬರುವ ಮಾತು ಬರೀ ದೂರಾಗಿದ್ದರೆ ಅದನ್ನೇ ಹೇಳಿ.

ಯೂಟ್ಯೂಬಿನ ಬಗ್ಗೆ. ಅದನ್ನು ಹೀಗಳೆಯುವವರ ಸಾಲಿಗೆ ನಾನು ಸೇರುವುದಿಲ್ಲ. ಹಾಸಿಗೆ ಹಿಡಿದವರಿಗೆ, ಭಾನುವಾರವೂ ಪಾಳಿ ಇರುವ ನರ್ಸುಗಳಿಗೆ, ಕನ್ನಡ ಆರಾಧನೆಯೇ ಸಿಗದ ಊರುಗಳಲ್ಲಿರುವವರಿಗೆ ಅದು ದೊಡ್ಡ ಉಪಕಾರ. ಆದರೆ ಅಲ್ಲಿ ನೀವು ಬಂದಿರಾ ಇಲ್ಲವಾ ಎಂದು ನೋಡುವವರಿಲ್ಲ. ಮೂರು ವಾರ ನೀವು ಕಾಣದಿದ್ದರೆ ಯಾಕೆ ಎಂದು ಕೇಳುವವರಿಲ್ಲ. ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನವನ್ನು ಪರದೆಯ ಮುಂದೆ ಮಾಡಬಹುದೇ ಎಂಬ ಚರ್ಚೆ ಆಗ ಎಲ್ಲ ಸಭೆಗಳಲ್ಲೂ ನಡೆಯಿತು, ಕೆಲವರು ಮನೆಯಲ್ಲೇ ರೊಟ್ಟಿ ದ್ರಾಕ್ಷಾರಸ ಇಟ್ಟುಕೊಂಡರು. ನಾವು ಕಾದೆವು. ಜೂನ್ 8ರಿಂದ ಬಾಗಿಲು ತೆರೆಯಲು ಸರ್ಕಾರ ಅನುಮತಿ ಕೊಟ್ಟ ಮೇಲೂ ಸ್ವಲ್ಪ ಕಾಲ ತಡೆದೆವು. ಕೊನೆಗೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಒಬ್ಬೊಬ್ಬರ ಕೈಗೆ ರೊಟ್ಟಿಯ ಚೂರು ಇಟ್ಟ ದಿನ, ಒಂದೇ ಪಾತ್ರೆಯಿಂದ ಕುಡಿಯುತ್ತಿದ್ದ ನಾವು ಪುಟ್ಟ ಪುಟ್ಟ ಲೋಟ ಹಿಡಿದು ದೂರ ದೂರ ನಿಂತಿದ್ದೆವು. ಅಷ್ಟಾದರೂ ಅದು ಕೈಯಿಂದ ಕೈಗೆ ಬಂದದ್ದು. ಅದರ ಬೆಲೆ ನನಗೆ ತಿಳಿದದ್ದು ಆ ದಿನ.

ಎರಡನೆಯ ಅಲೆಯ ಬಗ್ಗೆ ಬರೆಯುವುದು ಕಷ್ಟ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇರುವುದು ಅಲ್ಲೇ. 2021ರ ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಮುಚ್ಚಿತು. ಅಂತ್ಯಕ್ರಿಯೆಗೆ ಐದೇ ಜನ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಗಂಟೆ ಬಾರಿಸುತ್ತಾರೆ, ಕೇಳಿದವರೆಲ್ಲ ಕೈಯ ಕೆಲಸ ಬಿಟ್ಟು ಆ ಮನೆಗೆ ಹೋಗುತ್ತಾರೆ. ರಾತ್ರಿಯಿಡೀ ಹಾಡು, ಪ್ರಾರ್ಥನೆ. ಆ ಮೇ ತಿಂಗಳಲ್ಲಿ ಗಂಟೆ ಕೇಳುತ್ತಿತ್ತು, ಹೋಗುವ ಹಾಗಿರಲಿಲ್ಲ.

ನಮ್ಮ ಸ್ತ್ರೀ ಸಮಾಜದ ಒಬ್ಬ ಹಿರಿಯಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೈ ತೊಳೆಯುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಮುತ್ತಿಡುವ ಹಾಗಿಲ್ಲ. ಮುಟ್ಟದೆ ಮಾಡಬಹುದಾದ ಓದು ಪ್ರಾರ್ಥನೆಗೆ ನಿಯಮದಲ್ಲಿ ಅವಕಾಶ ಇತ್ತು. ಚೀಲದ ಜಿಪ್ ಸ್ವಲ್ಪ ಸರಿಸಿ ಮುಖ ತೋರಿಸಿದರು. ಅಯ್ಯನವರು ಪಿಪಿಇ ಕಿಟ್ ಹಾಕಿಕೊಂಡು ಓದಿದರು, ಮಾಸ್ಕಿನ ಒಳಗಿಂದ ಮಾತು ಸರಿಯಾಗಿ ಕೇಳುತ್ತಲೇ ಇರಲಿಲ್ಲವಂತೆ. ಮಣ್ಣು ಹಾಕಿದವರು ನಮ್ಮ ಯುವಜನರ ಮೂವರು ಹುಡುಗರು. ಅದರಲ್ಲಿ ಒಬ್ಬ, ನಿಮ್ಮ ಹಾಗೆಯೇ, ನನಗೆ ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ ಎಂದು ಎಲ್ಲರೆದುರು ಹೇಳಿದವನು. ಸಮಾಧಿ ಹೊತ್ತಿಗೆ ಸರಿಯಾಗಿ ಸುತ್ತಲಿನ ಮನೆಗಳವರು ತಮ್ಮ ತಮ್ಮ ಜಗಲಿಯಲ್ಲಿ ನಿಂತು ಆ ಅಕ್ಕನಿಗೆ ಇಷ್ಟದ ಹಾಡು ಹಾಡಿದೆವು. ಒಂದು ಮನೆಯವರು ಎರಡನೆಯ ಚರಣದಲ್ಲಿದ್ದರೆ ಇನ್ನೊಂದು ಮನೆಯವರು ಮೊದಲನೆಯದರಲ್ಲೇ. ಕೆಳಗಿನ ಮನೆಯವರು ತುಳುವಿನಲ್ಲಿ ಹಾಡುತ್ತಿದ್ದರು. ದುಬೈಯಲ್ಲಿದ್ದ ಮಗಳಿಗೆ ಯಾರೋ ಫೋನ್ ಹಿಡಿದು ಕೇಳಿಸಿದರು.

ಆ ಹುಡುಗ ಈಗಲೂ ಚರ್ಚಿಗೆ ಬರುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಅವನ ಪ್ರಶ್ನೆಗಳು ತೀರಿವೆ ಎಂದು ನಾನು ಹೇಳಲಾರೆ. ಆದರೆ ಅವನು ಸಭೆಗೆ ಸೇರಿದವನಲ್ಲ ಎಂದು ನನ್ನ ಎದುರು ಯಾರೂ ಹೇಳಲಾರರು.

ಕೆಲಸದ ಭಯ ಮತ್ತು ನಂಬಿಕೆಯ ಭಯ ಒಟ್ಟಿಗೆ ಬಂದಿದೆ ಎಂದು ನೀವು ಬರೆದದ್ದು ಓದಿ ನನಗೆ ನಮ್ಮ ಹಿರಿಯರ ಕಾಲ ನೆನಪಾಯಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯಿಂದ, ಜಾತಿಯಿಂದ, ಗದ್ದೆಯಿಂದ ಹೊರಗೆ ಹಾಕಿದಾಗ ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ನಡೆಸಿತು. ಜೆಪ್ಪುವಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂದರೆ ಎಷ್ಟೋ ಮನೆಗಳಿಗೆ ಕೂಲಿ ಕೊಡುವವರೂ ಪ್ರಸಂಗ ಮಾಡುವವರೂ ಒಂದೇ ಕಡೆಯವರು. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದರು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು, ಆಮೇಲೆ ಹಡಗು ಹತ್ತಿಸಿ ಕಳಿಸಿದರು. ಕಾರ್ಖಾನೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಸಂಬಳ ಕೊಡುವ ಕೈಯೂ ಇಲ್ಲ, ಪ್ರಭುಭೋಜನ ಕೊಡುವ ಕೈಯೂ ಇಲ್ಲ.

ಸಭೆಗಳು ಮುಚ್ಚಿಹೋಗಲಿಲ್ಲ. ಊರಿನವರೇ ಆದ ಅಯ್ಯನವರು, ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು ನಡೆಸಿದರು. ನನ್ನ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದವರು. ಆ ವರ್ಷಗಳ ಬಗ್ಗೆ ಅಜ್ಜಿ ಹೇಳುತ್ತಿದ್ದದ್ದರಲ್ಲಿ ದೊಡ್ಡ ವಿಶ್ವಾಸದ ಸಾಕ್ಷಿಯೇನೂ ಇರಲಿಲ್ಲ. ಯಾರ ಮನೆಯಲ್ಲಿ ಗಂಜಿ ಬೇಯಿಸಿಲ್ಲ ಎಂಬುದು ಭಾನುವಾರ ಚರ್ಚಿನಲ್ಲಿ ಗೊತ್ತಾಗುತ್ತಿತ್ತು, ಅದಕ್ಕೇ ಎಲ್ಲರೂ ತಪ್ಪದೆ ಬರುತ್ತಿದ್ದರು, ಅಷ್ಟೇ. ನಿಮ್ಮ ಕೆಲಸದ ಕಷ್ಟ ಸಭೆಯಲ್ಲಿ ಯಾರಿಗಾದರೂ ಗೊತ್ತೇ? ಗೊತ್ತಿಲ್ಲದಿದ್ದರೆ ಯಾರೂ ಏನೂ ಮಾಡಲಾರರು.

ಇಷ್ಟು ಮಾಡಿ. ಬೆಂಗಳೂರಿನಲ್ಲಿ ಕನ್ನಡ ಆರಾಧನೆ ಬೇಕಾದರೆ ಕಾರ್ಪೊರೇಷನ್ ವೃತ್ತದ ಹತ್ತಿರದ ಹಡ್ಸನ್ ಸ್ಮಾರಕ ಚರ್ಚ್ ಇದೆ, ನಿಮ್ಮ ಮನೆಯ ಹತ್ತಿರವೂ ಒಂದು ಸಿಕ್ಕೀತು. ದೊಡ್ಡ ಸಭೆಯಲ್ಲಿ ಕಳೆದುಹೋಗುತ್ತೇನೆ ಅನ್ನಿಸಿದರೆ ಚಿಕ್ಕದನ್ನು ಹುಡುಕಿ. ಆರಾಧನೆ ಮುಗಿದ ಕೂಡಲೇ ಗೇಟಿನ ಕಡೆ ಓಡಬೇಡಿ, ಬಾಗಿಲಲ್ಲಿ ಕೈಕುಲುಕಲು ನಿಂತಿರುವ ಅಯ್ಯನವರಿಗೆ ಹೆಸರು ಹೇಳಿ, ಒಂದು ದಿನ ಮಾತಾಡಬೇಕು ಅನ್ನಿ. ನಂಬಿಕೆಯನ್ನು ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸಪ್ರಮಾಣದ ಹೊತ್ತಿನಲ್ಲಿ ಯಾವುದಾದರೂ ಸಾಲಿನಲ್ಲಿ ಬಾಯಿ ಕಟ್ಟಿದರೆ ಸುಮ್ಮನೆ ನಿಲ್ಲಿ. ಪಕ್ಕದವರು ಹೇಳುತ್ತಿರುತ್ತಾರೆ, ನಿಮ್ಮ ಬದಲಿಗೂ ಸೇರಿಸಿ. ಮೊದಲ ಭಾನುವಾರ ಏನೂ ಅನ್ನಿಸದೇ ಇರಬಹುದು, ಎರಡನೆಯ ವಾರವೂ ಹೋಗಿ. ಅಲ್ಲಿ ನಿಮ್ಮನ್ನು ಹಣದ ಬಗ್ಗೆ ಕೇಳಿ ಪೀಡಿಸಿದರೆ, ಅಥವಾ ಕೆಲಸ ಹೋದದ್ದು ನಿಮ್ಮ ಪಾಪಕ್ಕೆ ಶಿಕ್ಷೆ ಎಂದು ಯಾರಾದರೂ ಹೇಳಿದರೆ ಆ ಜಾಗ ಬಿಟ್ಟು ಬೇರೆ ಸಭೆಗೆ ಹೋಗಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಸ್ನೇಹಿತರೂ ಹಾಗೆಯೇ ಹೇಳಿದರು, ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ.

ಹೋಗುವ ಧೈರ್ಯವೇ ಬಾರದಿದ್ದರೆ ನಿಮ್ಮ ಊರಿನ ಹಳೆಯ ಸಭೆಗೆ ಒಂದು ಫೋನ್ ಮಾಡಿ. ನಿಮ್ಮ ಹೆಸರು ಅಲ್ಲಿನ ರಿಜಿಸ್ಟರಿನಲ್ಲಿ ದೀಕ್ಷಾಸ್ನಾನದ ದಿನದಿಂದಲೂ ಇದೆ. ಬೆಂಗಳೂರಿನಲ್ಲಿ ನಮ್ಮ ಕಡೆಯವರು ಯಾರಿದ್ದಾರೆ, ಭಾನುವಾರ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವವರು ಸಿಗುತ್ತಾರೆಯೇ ಎಂದು ಕೇಳಿ. ಅಲ್ಲಿಯೂ ದಾರಿ ಕಾಣದಿದ್ದರೆ ನನಗೆ ಇಲ್ಲೇ ಬರೆಯಿರಿ, ನಾನು ವಿಚಾರಿಸುತ್ತೇನೆ.