ಯಾಜೂ, ಇರೇಷರ್ ಅನ್ನೋ ಬ್ರಿಟನ್ನಿನ ಎರಡು ಪಾಪ್ ಜೋಡಿಗಳು ಒಂದೇನಾ ಅಂತ ಕೇಳಿದ್ರಲ್ಲ

ಒಂದೇ ಅಲ್ಲ ಗುರು, ಆದ್ರೆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮುಂದೆ ಕೂತಿರೋ ಆಸಾಮಿ ಮಾತ್ರ ಎರಡರಲ್ಲೂ ಒಬ್ಬನೇ, ವಿನ್ಸ್ ಕ್ಲಾರ್ಕ್. ಡಿಪೆಷ್ ಮೋಡ್‌ನ ಮೊದಲ ಆಲ್ಬಂ ಹಿಟ್ ಆದ್ಮೇಲೆ 1981ರ ಕೊನೆಗೆ ಬ್ಯಾಂಡ್ ಬಿಟ್ಟು ಬಂದ, ಆಗ ಅವನ ಕೈಲಿದ್ದಿದ್ದು 'ಓನ್ಲಿ ಯು' ಅನ್ನೋ ಹಾಡು, ಹಾಡೋರು ಬೇಕಿತ್ತು. ವಿನ್ಸ್ ಬೆಳೆದ ಇಂಗ್ಲೆಂಡಿನ ಬ್ಯಾಸಿಲ್ಡನ್ ಊರಿನವಳೇ ಆದ ಗಾಯಕಿ ಆಲಿಸನ್ ಮೋಯೆಟ್ 'ಮೆಲೊಡಿ ಮೇಕರ್' ಪತ್ರಿಕೇಲಿ ಬ್ಲೂಸ್ (ಅಮೆರಿಕದ ಹಳೇ ಗಿಟಾರ್ ಸಂಗೀತ) ಬ್ಯಾಂಡ್ ಬೇಕು ಅಂತ ಜಾಹೀರಾತು ಹಾಕಿದ್ಳು, ಫೋನ್ ಮಾಡಿದ್ದು ಸಿಂಥ್ ಹುಡುಗ, ತಮಾಷೆ ನೋಡಿ! 1982ರಲ್ಲಿ ಆ ಹಾಡು ಬ್ರಿಟನ್ ಚಾರ್ಟಲ್ಲಿ 2ನೇ ಸ್ಥಾನಕ್ಕೆ ಹೋಯ್ತು. ಕೆಳಗೆ ತಣ್ಣಗೆ ಟಿಕ್ ಟಿಕ್ ಅನ್ನೋ ಮಷೀನು, ಮೇಲೆ ಎದೆ ಸೀಳಿ ಬರೋ ಆ ದನಿ, ನನ್ ಪ್ರಕಾರ ಯಾಜೂ ಅಂದ್ರೆ ಅಷ್ಟೇ.

ಯಾಜೂ ಎರಡೇ ಆಲ್ಬಂಗೆ ಯಾಕೆ ಮುಗೀತು ಅಂದ್ರಿ. ಇಬ್ರೂ ಸರಿಯಾಗಿ ಮಾತೇ ಆಡ್ತಿರ್ಲಿಲ್ಲ, ಎರಡನೇ ಆಲ್ಬಂನ ಬಹುಪಾಲು ಬೇರೆ ಬೇರೆಯಾಗೇ ಮಾಡಿದ್ದು, 1983ರಲ್ಲಿ ಅದು ಹೊರಬರೋ ಹೊತ್ತಿಗೆ ಜೋಡಿ ಮುರಿದೇ ಹೋಗಿತ್ತು, ಆದ್ರೂ ಬ್ರಿಟನ್ನಲ್ಲಿ ನಂಬರ್ 1 ಆಯ್ತು.

ಇರೇಷರ್ ಶುರುವಾಗಿದ್ದು 1985ರಲ್ಲಿ. ಮತ್ತೆ ಮೆಲೊಡಿ ಮೇಕರ್ ಜಾಹೀರಾತೇ, ಈ ಸಲ ಹಾಕಿದ್ದು ವಿನ್ಸ್, ಸಿಕ್ಕಿದ್ದು ಗಾಯಕ ಆಂಡಿ ಬೆಲ್. ಮೊದಲ ಆಲ್ಬಂ ಅಷ್ಟೇನೂ ಓಡ್ಲಿಲ್ಲ, 'ಸಮ್‌ಟೈಮ್ಸ್' ಹಾಡು ಬಂದ್ಮೇಲೆ ಹಿಂದೆ ತಿರುಗಿ ನೋಡ್ಲಿಲ್ಲ. ಅಂದಹಾಗೆ ಹುಡುಕುವಾಗ 'ಯಾಜ್' ಅಂತ ಸಿಕ್ರೆ ಗಾಬರಿ ಬೇಡ, ಅಮೆರಿಕದಲ್ಲಿ ಯಾಜೂಗೆ ಅದೇ ಹೆಸರು.