ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆನ್ ಲೈನಸ್‌ಗೆ ನಿಜವಾಗ್ಲೂ ಬೇಕಾಗಿದ್ದೇನು?

ಹೋದ ಸಂಚಿಕೇಲಿ ‘ಲಾಸ್ಟ್’ ಸೀರಿಯಲ್ ಬಗ್ಗೆ ಉತ್ತರ ಬರೀತಾ, ಬೆನ್ ಲೈನಸ್ ಮಾಡಿದ್ದೆಲ್ಲ ಬರೀ ಅಧಿಕಾರದ ಆಸೆಗಲ್ಲ ಅಂತ ಒಂದು ಮಾತು ಹೇಳಿದ್ದೆ. ಅದಕ್ಕೆ ಬಂದಿರೋ ಪತ್ರಗಳಲ್ಲಿ ಒಪ್ಕೊಂಡವ್ರಿಗಿಂತ ಜಗಳಕ್ಕೆ ಬಂದವ್ರೇ ಜಾಸ್ತಿ, ಹಾಗಾಗಿ ಈ ಸಲ ಪೂರ್ತಿ ಜಾಗ ಅವನಿಗೇ. ನೋಡದೇ ಇರೋರಿಗೆ ಎರಡು ಮಾತು: ಅಮೆರಿಕಾದ ಎಬಿಸಿ ಚಾನೆಲ್‌ನಲ್ಲಿ 2004ರಿಂದ 2010ರವರೆಗೆ 6 ಸೀಸನ್ ಬಂದ ಸೀರಿಯಲ್ ಇದು, ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಒಂದು ವಿಚಿತ್ರ ದ್ವೀಪದಲ್ಲಿ ಬೀಳುತ್ತೆ, ಅಲ್ಲಿ ಕಪ್ಪು ಹೊಗೆ ರೂಪದ ಒಂದು ಶಕ್ತಿ ಓಡಾಡ್ತಿರುತ್ತೆ, ಜೊತೆಗೆ ಮೊದಲಿಂದ್ಲೂ ಅಲ್ಲೇ ಇರೋ ಒಂದು ಗುಂಪೂ ಇರುತ್ತೆ, ಆ ಗುಂಪಿನ ನಾಯಕನೇ ಬೆನ್. ಇನ್ನೂ ನೋಡಬೇಕು ಅಂತಿರೋರು ಇಲ್ಲಿಗೇ ನಿಲ್ಲಿಸಿಬಿಡಿ, ಮುಂದೆ ಕಥೆ ಪೂರ್ತಿ ಬಿಚ್ಚಿಡ್ತೀನಿ.

ಪ್ರಶ್ನೆ: ಅವನು ಕಾಲಿಟ್ಟಿದ್ದೇ ಸುಳ್ಳು ಹೆಸರಿಟ್ಕೊಂಡು. ಎಲ್ಲರನ್ನೂ ಆಟ ಆಡಿಸಿದ, ಕೊಂದ, ಕುರ್ಚಿ ಬಿಡಲಿಲ್ಲ. ಇದು ಅಧಿಕಾರದ ಹುಚ್ಚಲ್ಲದೆ ಇನ್ನೇನು ಸ್ವಾಮಿ?

ಸುಳ್ಳು ಹೇಳ್ತಾನೆ ಅನ್ನೋದರಲ್ಲಿ ತಕರಾರೇ ಇಲ್ಲ. 2ನೇ ಸೀಸನ್‌ನಲ್ಲಿ ಬಲೆಗೆ ಸಿಕ್ಕಿಬಿದ್ದಾಗ ನಾನು ಹೆನ್ರಿ ಗೇಲ್, ಬಲೂನಲ್ಲಿ ಬಂದು ಬಿದ್ದೆ, ಹೆಂಡತಿ ತೀರಿಕೊಂಡ್ಲು, ನಾನೇ ಹೂತೆ ಅಂತ ಕಥೆ ಕಟ್ತಾನೆ. ವಿಮಾನದಿಂದ ಬದುಕುಳಿದ ಸಯೀದ್ ಹೋಗಿ ನೋಡಿದ್ರೆ ಬಲೂನೂ ಇದೆ ಗೋರೀನೂ ಇದೆ, ಆದ್ರೂ ನಂಬದೆ ಆ ಗೋರಿ ಅಗೆದ್ರೆ ಒಳಗೆ ಸಿಗೋದು ನಿಜವಾದ ಹೆನ್ರಿ ಗೇಲ್‌ನ ಹೆಣ, ಜೊತೆಗೆ ಅವನ ಡ್ರೈವಿಂಗ್ ಲೈಸೆನ್ಸ್. ಅಷ್ಟು ಪಕ್ಕಾ ಸುಳ್ಳುಗಾರ.

ಆದ್ರೆ ಒಂದು ಯೋಚನೆ ಮಾಡಿ, ನಾವು ಅವನನ್ನ ಮೊದಲನೇ ಸಲ ನೋಡೋ ಹೊತ್ತಿಗೇ ಅವನು ನಾಯಕ. ಅಧಿಕಾರ ಆಗ್ಲೇ ಕೈಯಲ್ಲಿದೆ. ಮನೆ ಇದೆ, ಆಳುಗಳಿದ್ದಾರೆ, ಅವನ ಮಾತಿಗೆ ಎದುರು ಹೇಳೋರು ಯಾರೂ ಇಲ್ಲ. ಅಷ್ಟಿದ್ದೂ ಅವನು ಯಾಕೆ ಸದಾ ಏನೋ ಕಳ್ಕೊಳ್ತೀನಿ ಅನ್ನೋ ಥರ ಇರ್ತಾನೆ? 3ನೇ ಸೀಸನ್‌ನಲ್ಲಿ ಅವನ ಬಾಲ್ಯ ತೋರಿಸ್ತಾರಲ್ಲ, ಅಲ್ಲಿದೆ ನೋಡಿ ವಿಷಯ. ಇವನನ್ನ ಹೆರುವಾಗ ತಾಯಿ ಎಮಿಲಿ ಸತ್ತುಹೋಗ್ತಾಳೆ, ಅಪ್ಪ ರೋಜರ್ ಧರ್ಮಾ ಅನ್ನೋ ಸಂಸ್ಥೇಲಿ ಸಾಮಾನ್ಯ ಕೆಲಸಗಾರ, ಕುಡಿದಾಗೆಲ್ಲ ನಿನ್ನಿಂದಲೇ ಅವಳು ಹೋದ್ಲು ಅಂತ ಮಗನ ಮುಖಕ್ಕೇ ಅಂತಾನೆ, ಹುಟ್ಟಿದಹಬ್ಬ ಅಂತೂ ಅವನಿಗೆ ನೆನಪೇ ಇರಲ್ಲ. ದೊಡ್ಡವನಾದ ಮೇಲೆ ಒಂದು ಹುಟ್ಟಿದಹಬ್ಬದ ದಿನ, ವ್ಯಾನಲ್ಲಿ ಪಕ್ಕದಲ್ಲಿ ಕೂತಿರೋ ಅಪ್ಪನಿಗೆ ವಿಷದ ಗ್ಯಾಸ್ ಬಿಟ್ಟು ತಾನು ಮಾಸ್ಕ್ ಹಾಕ್ಕೊಳ್ತಾನೆ. ಅವತ್ತೇ ದ್ವೀಪದ ಆ ಗುಂಪಿನವ್ರ ಕೈಲಿ ಧರ್ಮಾದವ್ರ ಮಾರಣಹೋಮಾನೂ ನಡೆಯುತ್ತೆ. ಎಲ್ಲ ಮುಗಿದ ಮೇಲೆ ಆ ಗುಂಪಿನ ರಿಚರ್ಡ್ ಬಂದು ನಿಮ್ಮಪ್ಪನ ಹೆಣ ತರಿಸೋಣ್ವಾ ಅಂತ ಕೇಳಿದ್ರೆ ಬೇಡ, ಅಲ್ಲೇ ಬಿಡಿ ಅಂತಾನೆ. ವಿಮಾನದಲ್ಲಿದ್ದ ಹರ್ಲಿಗೆ ಕಾಡಲ್ಲಿ ಒಂದು ಹಳೇ ವ್ಯಾನ್ ಸಿಗುತ್ತಲ್ಲ, ಅದರ ಸೀಟಲ್ಲಿ ಅಸ್ಥಿಪಂಜರ ಇತ್ತಲ್ಲ, ಅದು ಇದೇ ರೋಜರ್.

ಅಧಿಕಾರ ಬೇಕಿದ್ದವನು ಅಧಿಕಾರ ಸಿಕ್ಕ ಮೇಲೆ ಸ್ವಲ್ಪನಾದ್ರೂ ಸುಮ್ಮನಾಗ್ತಾನೆ. ಇವನಿಗೆ ಬೇಕಿದ್ದಿದ್ದು ಯಾರಾದ್ರೂ ಒಬ್ರು ಇವನನ್ನ ನೋಡಿ ನೀನೇ ಬೇಕು ಅನ್ನೋದು. ಅಪ್ಪ ಅನ್ನಲಿಲ್ಲ, ಆಮೇಲೆ ಆ ಆಸೆ ಪೂರ್ತಿ ದ್ವೀಪದ ಮೇಲೆ, ದ್ವೀಪ ಕಾಯೋ ಜೇಕಬ್ ಮೇಲೆ ಹೋಯ್ತು, ಆ ಜೇಕಬ್‌ನ ಮುಖ ಕೂಡ ಇವನು ನೋಡಿಲ್ಲ! ವಿಮಾನದಲ್ಲಿದ್ದ ಜಾನ್ ಲಾಕ್‌ನನ್ನ, ಜೇಕಬ್ ಇಲ್ಲೇ ಇರೋದು ಅಂತ ಒಂದು ಗುಡಿಸಲಿಗೆ ಕರ್ಕೊಂಡು ಹೋಗಿ ಖಾಲಿ ಕುರ್ಚಿ ಜೊತೆ ಮಾತಾಡ್ತಾನಲ್ಲ, ಅದು ಲಾಕ್‌ಗೆ ಮೋಸ ಮಾಡೋಕೆ ಅಂತ ಎಲ್ಲರೂ ಅಂದ್ಕೊಂಡ್ವಿ, ಆದ್ರೆ 5ನೇ ಸೀಸನ್ ಕೊನೇಲಿ ಅವನೇ ಒಪ್ಕೊಳ್ತಾನೆ, ನಾನು ಯಾವತ್ತೂ ಜೇಕಬ್‌ನ ನೋಡಿಲ್ಲ ಅನ್ನೋದು ನಿನಗೆ ಗೊತ್ತಾಗಬಾರ್ದು, ನಾಚಿಕೆ ಆಗ್ತಿತ್ತು ಅಂತ. ಅಧಿಕಾರಕ್ಕೋಸ್ಕರ ಮಸಲತ್ತು ಮಾಡೋನು ಆಡೋ ಮಾತಲ್ಲ ಅದು.

ಪ್ರಶ್ನೆ: ಹಾಗಾದ್ರೆ ಅಲೆಕ್ಸ್? ಸಾಕಿದ ಮಗಳ ತಲೆಗೆ ಗನ್ ಇಟ್ಟಿದ್ದಾಗ ಅವಳು ನನಗೆ ಏನೂ ಅಲ್ಲ ಅಂದ. ತನ್ನ ಜೀವ ಉಳಿಸ್ಕೊಳ್ಳೋಕೆ ಮಗಳನ್ನ ಬಲಿಕೊಟ್ಟವನಿಗೆ ಪ್ರೀತಿ ಬೇಕಿತ್ತು ಅಂತೀರಲ್ಲ, ನಂಗೆ ಸಿಟ್ಟು ಬಂತು.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಂಗೂ ಇಡೀ ಸೀರಿಯಲ್‌ನಲ್ಲಿ ನೋಡೋಕೆ ಕಷ್ಟ ಆಗೋ ಸೀನ್ ಅದು. 4ನೇ ಸೀಸನ್, ಬೆನ್‌ನ ಹಿಡಿಯೋಕೆ ಬಂದ ಬಾಡಿಗೆ ಸೈನಿಕ ಕೀಮಿ ಹೊರಗೆ ಅಲೆಕ್ಸ್‌ನ ಮಂಡಿ ಊರಿಸಿ ತಲೆಗೆ ಪಿಸ್ತೂಲ್ ಇಟ್ಟಿದ್ದಾನೆ, ಬೆನ್ ಮನೆ ಒಳಗೆ ಕೈಯಲ್ಲಿ ವಾಕಿಟಾಕಿ ಹಿಡ್ಕೊಂಡು ಕಿಟಕಿ ಹತ್ರ ನಿಂತಿದ್ದಾನೆ. ಅವಳು ನನ್ನ ಮಗಳಲ್ಲ, ಹುಚ್ಚಿ ಒಬ್ಬಳ ಹತ್ರ ಕದ್ಕೊಂಡು ಬಂದ ಕೂಸು, ನಂಗೆ ಅವಳು ಏನೂ ಅಲ್ಲ ಅಂತ ಹೇಳ್ತಾನೆ. ಇನ್ನೂ ಮಾತು ಮುಗಿದಿರಲ್ಲ, ಗುಂಡು ಹಾರುತ್ತೆ. ಆಗ ಅವನ ಮುಖ ನೋಡಿದ್ದೀರಲ್ಲ? ತಾನೇ ಬಲಿ ಕೊಟ್ಟವನ ಮುಖ ಹಾಗಿರಲ್ಲ. ಆಮೇಲೆ ಬಾಯಿಂದ ಬರೋ ಮೊದಲನೇ ಮಾತು, ಅವನು ನಿಯಮ ಬದಲಾಯಿಸಿಬಿಟ್ಟ ಅನ್ನೋದು. ಅಂದ್ರೆ ಇವನ ಪ್ರಕಾರ ಇವನಿಗೂ ಕೀಮಿನ ಕಳಿಸಿದ, ಬೆನ್‌ಗಿಂತ ಮೊದಲು ಆ ಗುಂಪಿನ ನಾಯಕನಾಗಿದ್ದ ವಿಡ್‌ಮೋರ್‌ಗೂ ನಡುವೆ ಒಂದು ಕಟ್ಟುಪಾಡಿತ್ತು, ಮಕ್ಕಳನ್ನ ಮುಟ್ಟಲ್ಲ ಅನ್ನೋ ಧೈರ್ಯದಲ್ಲೇ ಆ ಮಾತಾಡಿದ್ದು. ಅದು ಬ್ಲಫ್, ನಂಗೆ ಅದರಲ್ಲಿ ಅನುಮಾನವೇ ಇಲ್ಲ.

ಇದಕ್ಕೆ ಸಾಕ್ಷಿ 5ನೇ ಸೀಸನ್‌ನಲ್ಲಿದೆ. ಅಲೆಕ್ಸ್‌ನ ಹೆತ್ತ ತಾಯಿ ರೂಸೋನ ಮುಗಿಸು ಅಂತ ವಿಡ್‌ಮೋರ್ ಕಳಿಸಿದ್ರೆ ಇವನು ಅವಳನ್ನ ಬಿಟ್ಟು ಕೂಸನ್ನ ಎತ್ಕೊಂಡು ಬರ್ತಾನೆ, ಕೂಸನ್ನೂ ಕೊಲ್ಲಬೇಕು ಅಂದಾಗ ದ್ವೀಪಕ್ಕೆ ಇದರ ಪ್ರಾಣ ಬೇಕಿದ್ರೆ ನೀವೇ ಕೊಲ್ಲಿ ಅಂತ ಎಲ್ಲರೆದುರೇ ಮಗು ಮುಂದೆ ಹಿಡೀತಾನೆ, ವಿಡ್‌ಮೋರ್ ಕೈಲಿ ಆಗಲ್ಲ. ಇನ್ನೂ ನಾಯಕ ಆಗಿಲ್ಲದ ಹುಡುಗ ನಾಯಕನಿಗೆ ಎದುರು ನಿಂತ, ಅದೂ ಯಾರದೋ ಕೂಸಿಗೋಸ್ಕರ. ಇದನ್ನ ಅಧಿಕಾರದ ಲೆಕ್ಕದಲ್ಲಿ ಹೆಂಗೆ ಹೊಂದಿಸ್ತೀರಿ ಹೇಳಿ.

ಹಾಗಂತ ತಪ್ಪು ಅವನದಲ್ಲ ಅಂತ ನಾನು ಹೇಳ್ತಿಲ್ಲ. ಹೊರಗೆ ಬಾ, ಶರಣಾಗು ಅಂದಾಗ ಹೋಗಬಹುದಿತ್ತು, ಹೋಗಲಿಲ್ಲ. ಆ ಹೊತ್ತಲ್ಲೂ ಮಾತಲ್ಲೇ ಗೆದ್ದುಬಿಡ್ತೀನಿ ಅನ್ನೋ ಅಹಂಕಾರ ಇತ್ತು, ಮಗಳಿಗಿಂತ ದ್ವೀಪ ದೊಡ್ಡದು ಅಂತ ಆರಿಸ್ಕೊಂಡ. ಆಮೇಲೆ ಹೊಗೆಯ ಮುಂದೆ ವಿಚಾರಣೆಗೆ ತಾನಾಗೇ ಹೋಗ್ತಾನಲ್ಲ, ಅಲ್ಲಿ ಅಲೆಕ್ಸ್ ರೂಪ ಕಂಡಾಗ ಎಲ್ಲ ನನ್ನದೇ ತಪ್ಪು ಅಂತ ಅಳ್ತಾನೆ. ಆ ಹೊಗೆ ಈ ಅಪರಾಧಿ ಭಾವನೇನೇ ಹಿಡ್ಕೊಂಡು ಇನ್ಮೇಲೆ ಲಾಕ್ ಹೇಳಿದ ಹಾಗೆ ಕೇಳು ಅಂತ ಅವನನ್ನ ಕಟ್ಟಿಹಾಕುತ್ತೆ, ಜೀವನವಿಡೀ ಬೇರೆಯವ್ರ ದೌರ್ಬಲ್ಯ ಹುಡುಕಿ ಆಟ ಆಡಿಸಿದವನು ಅವತ್ತು ತಾನೇ ದಾಳ ಆಗಿಬಿಡ್ತಾನೆ.

ಪ್ರಶ್ನೆ: ಲಾಕ್‌ನ ನೇಣಿಂದ ಇಳಿಸಿದವನೂ ಅವನೇ, ಎರಡೇ ನಿಮಿಷಕ್ಕೆ ಕತ್ತು ಹಿಸುಕಿದವನೂ ಅವನೇ. ಇದಕ್ಕೆ ಲಾಜಿಕ್ ಇದ್ಯಾ?

ಇದೆ, ಆದ್ರೆ ಎರಡು ಥರ ಓದಬಹುದು. ದ್ವೀಪದಿಂದ ಹೊರಗೆ ಬಂದ ಲಾಕ್ ಒಂದು ಹೋಟೆಲ್ ರೂಮಲ್ಲಿ ನೇಣು ಹಾಕ್ಕೊಳ್ಳೋಕೆ ಹೊರಟಾಗ ಬೆನ್ ಬರೋ ಸೀನ್ ಇದು. ಮೊದಲನೇದು ಶುದ್ಧ ಲೆಕ್ಕಾಚಾರ: ಲಾಕ್ ಹತ್ರ ಇರೋ ಮಾಹಿತಿ ಬೇಕಿತ್ತು, ಅದಕ್ಕೆ ಅವನು ಬದುಕಿರಬೇಕಿತ್ತು, ವಿಮಾನದ ಇನ್ನೊಬ್ಬ ಪ್ರಯಾಣಿಕ ಜಿನ್ ಇನ್ನೂ ಬದುಕಿದ್ದಾನೆ, ದ್ವೀಪಕ್ಕೆ ವಾಪಸ್ ಹೋಗೋ ದಾರಿ ಎಲೋಯಿಸ್ ಹಾಕಿಂಗ್‌ಗೆ ಗೊತ್ತು ಅಂತ ಲಾಕ್ ಬಾಯಿಬಿಟ್ಟ, ಕೆಲಸ ಮುಗೀತು, ಕೊಂದ. ಸುಮಾರು ಜನ ಹೀಗೇ ಓದ್ತಾರೆ.

ನಂಗೆ ಇನ್ನೊಂದು ಓದೇ ಸರಿ ಅನ್ಸುತ್ತೆ. ಆ ಹೋಟೆಲ್ ರೂಮಲ್ಲಿ ಲಾಕ್‌ಗೆ ನೀನು ಎಷ್ಟು ಮುಖ್ಯ ಗೊತ್ತಾ ಅಂತ ಸಮಾಧಾನ ಮಾಡ್ತಾನಲ್ಲ, ಆ ಮಾತಲ್ಲಿ ನಿಜ ಇದೆ, ಅದೇ ನಿಜ ಅವನಿಗೆ ಹೊಟ್ಟೆ ಉರಿಸೋದೂ ಕೂಡ. ಯಾಕಂದ್ರೆ ವೀಲ್‌ಚೇರಲ್ಲಿದ್ದ ಲಾಕ್ ಎದ್ದು ನಡೆಯೋ ಹಾಗೆ ದ್ವೀಪ ಮಾಡ್ತು, ದ್ವೀಪಕ್ಕೋಸ್ಕರ ಜೀವ ತೇಯ್ದ ಬೆನ್‌ಗೆ ಬೆನ್ನುಮೂಳೆ ಮೇಲೆ ಗಡ್ಡೆ ಕೊಡ್ತು. ಖಾಲಿ ಕುರ್ಚಿ ಮುಂದೆ ಇವನು ನಾಟಕ ಆಡ್ತಿದ್ರೆ ಲಾಕ್‌ಗೆ ಮಾತ್ರ ನಿಜವಾಗ್ಲೂ ‘ಸಹಾಯ ಮಾಡು’ ಅಂತ ಧ್ವನಿ ಕೇಳಿಸ್ತು, ಅದು ಗೊತ್ತಾದ ತಕ್ಷಣ ಗುಂಡು ಹೊಡೆದ. ಲಾಕ್ ಉಳ್ಕೊಂಡಿದ್ದು ಕಿಡ್ನಿ ಇಲ್ಲದ ಜಾಗದಲ್ಲಿ ಗುಂಡು ತೂರಿದ್ದಕ್ಕೆ. ಹೋಟೆಲ್‌ನಲ್ಲಿ ಎಲೋಯಿಸ್ ಹೆಸರು ಬಂದಾಗ ಅವನಿಗೆ ಅರ್ಥ ಆಗಿದ್ದು, ಈ ಸಲಾನೂ ದಾರಿ ಸಿಕ್ಕಿರೋದು ಇವನಿಗೇ ಅಂತ. ಕೊಂದು, ಬೆರಳಚ್ಚು ಒರೆಸಿ, ವಾಪಸ್ ನೇಣಿಗೆ ಹಾಕಿ, ಹೊರಡುವಾಗ ನೀನಿಲ್ಲದೆ ನಂಗೆ ಬೇಜಾರಾಗುತ್ತೆ ಜಾನ್ ಅಂತಾನೆ. ಅಲ್ಲಿ ಕೇಳಿಸ್ಕೊಳ್ಳೋರು ಯಾರೂ ಇಲ್ಲ, ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೂ ಏನಿಲ್ಲ.

ಪ್ರಶ್ನೆ: ಬರೆಯೋರು ಸೀಸನ್‌ಗೊಂದು ಥರ ಬದಲಾಯಿಸಿದ ಪಾತ್ರಕ್ಕೆ ಉದ್ದೇಶ ಹುಡುಕೋದೇ ದಂಡ ಅಲ್ವಾ?

ಮೊದಲಿಂದ ಪ್ಲಾನ್ ಮಾಡಿದ ಪಾತ್ರ ಅಲ್ಲ ಅನ್ನೋದು ನಿಜ. ನಟ ಮೈಕಲ್ ಎಮರ್ಸನ್‌ನ ಕರೆಸಿದ್ದು ಬರೀ 3 ಎಪಿಸೋಡ್‌ಗೆ, ಅವರ ನಟನೆ ನೋಡಿ ಪಾತ್ರ ಬೆಳೆಸಿದ್ರು, 2009ರಲ್ಲಿ ಇದೇ ಪಾತ್ರಕ್ಕೆ ಎಮ್ಮಿ ಪ್ರಶಸ್ತಿ ಕೂಡ ಬಂತು. ಆದ್ರೆ ಆಮೇಲೆ ಬರೆದದ್ದು ಹಿಂದಿನದಕ್ಕೆ ಹೊಂದುತ್ತಾ ಇಲ್ವಾ ಅನ್ನೋದಷ್ಟೇ ನೋಡುಗನಿಗೆ ಬೇಕಾಗಿದ್ದು, ಬೆನ್ ವಿಷಯದಲ್ಲಿ ಹೊಂದುತ್ತೆ.

ಪ್ರಶ್ನೆ: ಜೇಕಬ್‌ನ ಚುಚ್ಚಿದ್ದು ಬೆನ್ ಇಷ್ಟಪಟ್ಟಾ, ಅಥವಾ ಲಾಕ್ ವೇಷದಲ್ಲಿದ್ದವನ ಕುತಂತ್ರಾನಾ?

ಲಾಕ್ ಸತ್ತ ಮೇಲೆ ಅವನ ರೂಪ ತೊಟ್ಟು ಬಂದಿದ್ದು ಆ ಕಪ್ಪು ಹೊಗೆಯೇ. ಚಾಕು ಕೈಗೆ ಕೊಟ್ಟಿದ್ದು ಅವನು, ತಲೆ ಕೆಡಿಸಿದ್ದೂ ಅವನೇ. ಆದ್ರೂ ಕೊನೇ ಕ್ಷಣದಲ್ಲಿ ಜೇಕಬ್‌ಗೆ ಒಂದು ಅವಕಾಶ ಇತ್ತು ರೀ. ನಿನಗೆ ಆಯ್ಕೆ ಇದೆ ಅಂತ ಅವನೇ ಬೆನ್‌ಗೆ ಹೇಳ್ತಾನೆ. ಬೆನ್ ತನ್ನ ವರ್ಷಾನುಗಟ್ಟಲೆ ಸೇವೆ ಎಲ್ಲ ಹೇಳ್ಕೊಂಡು, ಹಾಗಾದ್ರೆ ನನ್ನ ಕಥೆ ಏನು ಅಂತ ಕೇಳ್ತಾನೆ, ಅದಕ್ಕೆ ಜೇಕಬ್ ತಣ್ಣಗೆ, ನಿನ್ನದೇನು ಅಂತ ಕೇಳಿಬಿಡ್ತಾನೆ. ಹುಟ್ಟಿದಹಬ್ಬ ಮರೆತ ರೋಜರ್ ಮತ್ತೆ ಎದುರು ನಿಂತ ಹಾಗಾಯ್ತು. ಚುಚ್ಚಿದ್ದು ಬೆನ್‌ನ ಸ್ವಂತ ಇಚ್ಛೆಯಿಂದಲೇ ಅನ್ನೋದು ನನ್ನ ಅಭಿಪ್ರಾಯ, ಜೇಕಬ್ ಬಗ್ಗೆ ನಂಗೆ ಇವತ್ತಿಗೂ ಕೋಪ ಇದೆ, ಅಷ್ಟೊಂದು ಜನರನ್ನ ಹುಡುಕ್ಕೊಂಡು ಹೋಗಿ ಮುಟ್ಟಿ ಮಾತಾಡಿಸಿದವನಿಗೆ ತನ್ನ ಮನೆ ಬಾಗಿಲಲ್ಲೇ ಕಾಯ್ತಿದ್ದವನಿಗೆ ಒಂದು ಮಾತು ಕೊಡೋಕೆ ಆಗಲಿಲ್ವಾ?

ಇದಾದ ಮೇಲೆ 6ನೇ ಸೀಸನ್‌ನಲ್ಲಿ ಜೇಕಬ್ ಕಡೆಯವಳಾದ ಇಲಾನಾ ಬೆನ್ ಕೈಲೇ ಅವನ ಗುಂಡಿ ತೋಡಿಸ್ತಾಳೆ. ತಪ್ಪಿಸ್ಕೊಂಡವನ ಕೈಯಲ್ಲಿ ಗನ್ ಇದೆ, ಓಡಬಹುದು, ಆದ್ರೆ ನಿಂತು ಅಲೆಕ್ಸ್ ಬಗ್ಗೆ ಹೇಳ್ತಾನೆ, ಈಗ ಲಾಕ್ ವೇಷದ ಆ ದುಷ್ಟನ ಹತ್ರ ಹೋಗ್ತೀನಿ, ನನ್ನ ಸೇರಿಸ್ಕೊಳ್ಳೋನು ಅವನೊಬ್ಬನೇ ಅಂತಾನೆ. ಇಲಾನಾ ಹೇಳೋದು ಒಂದೇ ಮಾತು, ನಾನು ಸೇರಿಸ್ಕೊಳ್ತೀನಿ ಅಂತ. ಅಷ್ಟಕ್ಕೇ ಅವನು ವಾಪಸ್ ಬಂದ. ಇಷ್ಟು ವರ್ಷದ ಹುನ್ನಾರಕ್ಕೆಲ್ಲ ಬೇಕಿದ್ದ ಉತ್ತರ ಅದೊಂದೇ ಆಗಿತ್ತು ಅಂತ ನಾನು ವಾದ ಮಾಡೋದು ಈ ಸೀನ್ ಇಟ್ಕೊಂಡೇ.

ಪ್ರಶ್ನೆ: ಅಷ್ಟು ಜನರನ್ನ ಕೊಂದವನಿಗೆ ಕೊನೇಲಿ ಕ್ಷಮೆ ಕೊಟ್ಟಿದ್ದು ಸರೀನಾ?

ಸೀರಿಯಲ್ ಪೂರ್ತಿ ಕ್ಷಮೆ ಕೊಟ್ಟಿಲ್ಲ, ನನ್ನ ಪ್ರಕಾರ ಅದೇ ಅದರ ಒಳ್ಳೇತನ. ಇಲಾನಾ ಸೇರಿಸ್ಕೊಂಡ ಮೇಲೂ ಅವನು ವಿಡ್‌ಮೋರ್‌ನ ಗುಂಡಿಟ್ಟು ಕೊಲ್ತಾನೆ, ಅವನು ಮಾತ್ರ ಮಗಳನ್ನ ಉಳಿಸ್ಕೊಳ್ಳೋದು ಬೇಡ ಅಂತ. ಒಳ್ಳೆಯವನಾಗೋದು ಒಂದೇ ದಿನದಲ್ಲಿ ಆಗೋ ಕೆಲಸ ಅಲ್ಲ ಅಂತ ಬರೆದವ್ರಿಗೆ ಗೊತ್ತಿತ್ತು. ಕೊನೇ ಎಪಿಸೋಡ್‌ನಲ್ಲಿ, ಸತ್ತ ಮೇಲೆ ಎಲ್ಲರೂ ಸೇರೋ ಲೋಕದಲ್ಲಿ, ಚರ್ಚ್ ಹೊರಗೆ ಲಾಕ್ ಸಿಕ್ಕಾಗ ನಾನು ಸ್ವಾರ್ಥಿ ಆಗಿದ್ದೆ, ಹೊಟ್ಟೆಕಿಚ್ಚಿತ್ತು, ನಿನ್ನ ಹತ್ರ ಇದ್ದಿದ್ದೆಲ್ಲ ನಂಗೆ ಬೇಕಿತ್ತು ಅಂತ ಒಪ್ಕೊಳ್ತಾನೆ, ಲಾಕ್ ಕ್ಷಮಿಸ್ತಾನೆ. ಆದ್ರೆ ಧರ್ಮಾದಲ್ಲಿ ಸತ್ತವ್ರ ಪರವಾಗಿ ಲಾಕ್ ಕ್ಷಮಿಸೋಕಾಗಲ್ಲ, ಅದಕ್ಕೇ ಏನೋ ಹರ್ಲಿ ಒಳಗೆ ಬಾ ಅಂತ ಕರೆದ್ರೂ ಬೆನ್ ಹೋಗಲ್ಲ, ನಂಗಿನ್ನೂ ಸ್ವಲ್ಪ ಕೆಲಸ ಇದೆ ಅಂತಾನೆ. ಸಣ್ಣ ಮಗನಾಗಿದ್ದಾಗಿಂದ ಯಾರಾದ್ರೂ ಕರೀಲಿ ಅಂತ ಕಾದವನು, ಕರೆದಾಗ ಅರ್ಹತೆ ಬಗ್ಗೆ ಯೋಚನೆ ಮಾಡ್ತಾನೆ. ಇದಕ್ಕಿಂತ ಸರಿಯಾದ ಶಿಕ್ಷೆ, ಸರಿಯಾದ ಕರುಣೆ ಎರಡೂ ನಂಗೆ ತೋಚಲ್ಲ.

ಪ್ರಶ್ನೆ: 6 ಸೀಸನ್ ಮತ್ತೆ ನೋಡೋಕೆ ಟೈಮಿಲ್ಲ. ಬೆನ್‌ಗೋಸ್ಕರ ಯಾವ ಎಪಿಸೋಡ್ ನೋಡ್ಲಿ?

2ನೇ ಸೀಸನ್‌ನ 14, 3ನೇದರ 20, 4ನೇದರ 9, 5ನೇದರ 7 ಮತ್ತೆ 12, 6ನೇದರ 7. ಇಷ್ಟೇ ನೋಡೋದಾದ್ರೂ ಇದೇ ಆರ್ಡರ್‌ನಲ್ಲಿ ನೋಡಿ, ಬಾಲ್ಯದ ಎಪಿಸೋಡ್ ಮೊದಲೇ ನೋಡಿಬಿಟ್ರೆ ಹೆನ್ರಿ ಗೇಲ್ ಮೇಲೆ ಹುಟ್ಟಬೇಕಾದ ಅನುಮಾನ ಹುಟ್ಟಲ್ಲ. ನೋಡಿದ ಮೇಲೂ ಅಧಿಕಾರದ ಹುಚ್ಚೇ ಅಂತ ಅನ್ಸಿದ್ರೆ ಬರೀರಿ, ಮುಂದಿನ ಸಂಚಿಕೇಲಿ ನಿಮ್ಮ ವಾದಾನೂ ಹಾಕ್ತೀನಿ.